ಯಾನಕಾದ ಅರ್ಧ ದಿನದ ದುಡ್ಡು ವಾಪಸ್ ಕೊಡಿ

ಪ್ರವಾಸ ವಿಭಾಗದ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಕಳೆದ ನವೆಂಬರ್‌ನಲ್ಲಿ ನಿಮ್ಮ ಜಪಾನ್ ಪ್ಯಾಕೇಜಿನಲ್ಲಿ ನಾನು, ಅಪ್ಪ, ಅಮ್ಮ ಹೋಗಿದ್ದೆವು. ಹೋಟೆಲ್, ಊಟ, ಬುಲೆಟ್ ಟ್ರೈನ್ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಟೋಕಿಯೋದ ಯಾನಕಾ ಅನ್ನುವ ಹಳೇ ಬಡಾವಣೆ ಬಗ್ಗೆ. "ಹಳೇ ಟೋಕಿಯೋ, ಅರ್ಧ ದಿನದ ಕಾಲ್ನಡಿಗೆ, ಗೈಡ್ ಸಮೇತ" ಅಂತ ಹೇಳಿ ಅದಕ್ಕೇ ಬೇರೆಯಾಗಿ ತಲೆಗೆ 6,500 ರೂಪಾಯಿ ತಗೊಂಡಿರಿ. ತೋರಿಸಿದ್ದು 35 ನಿಮಿಷ.

ಸೋಮವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ ನಮ್ಮನ್ನು ಬಸ್ಸಿನಿಂದ ಇಳಿಸಿದರು. ಯಾನಕಾ ಗಿಂಜಾ ಬೀದಿ ಇರುವುದೇ ಸುಮಾರು 170 ಮೀಟರ್, ಎರಡೂ ಕಡೆ ಪುಟ್ಟ ಪುಟ್ಟ ಅಂಗಡಿಗಳು, ಹೆಚ್ಚಿನವು ಬಾಗಿಲು ತೆಗೆಯುವುದು ಹತ್ತರ ಮೇಲೆ. ನಾವು ನೋಡಿದ್ದು ಬರೀ ಎಳೆದ ಶಟರ್. ಒಬ್ಬ ಅಜ್ಜ ಮಾತ್ರ ಸಣ್ಣ ಬಕೆಟ್ಟಿನಿಂದ ಅಂಗಡಿ ಮುಂದೆ ನೀರು ಚಿಮುಕಿಸುತ್ತಿದ್ದರು. ಅಪ್ಪ ಬೆಳೆದದ್ದು ಬೆಂಗಳೂರಿನ ಬಳೇಪೇಟೆಯಲ್ಲಿ, ಅಲ್ಲೂ ಅಂಗಡಿ ತೆಗೆಯುವ ಮುಂಚೆ ಹೀಗೇ ನೀರು ಹಾಕುತ್ತಿದ್ದರಂತೆ. ಅದನ್ನೇ ನೋಡುತ್ತಾ ಅವರು ನಿಂತರೆ ನಿಮ್ಮ ಗೈಡ್ "ಬನ್ನಿ ಸಾರ್, ಲೇಟಾಗ್ತಿದೆ" ಅಂದರು. ಅಮ್ಮ ನನ್ನ ಕೈ ಹಿಡಿದು "ಇದನ್ನ ನೋಡೋಕೇನೇ ಇಷ್ಟು ದೂರ ಬಂದಿದ್ದು?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಬೀದಿಯ ತಲೆಯಲ್ಲಿರುವ ಮೆಟ್ಟಿಲಿನ ಹೆಸರು ಯೂಯಾಕೆ ದಾನ್‌ದಾನ್. ಯೂಯಾಕೆ ಅಂದರೆ ಸೂರ್ಯ ಮುಳುಗುವಾಗ ಆಕಾಶಕ್ಕೆ ಬರುವ ಕೆಂಪು. ನಿಮ್ಮ ಬ್ರೋಶರ್‌ನಲ್ಲೂ ಸಂಜೆಯ ಫೋಟೋವನ್ನೇ ಹಾಕಿದ್ದೀರಿ. ಅಂಥ ಜಾಗಕ್ಕೆ ಯಾರಾದರೂ ಬೆಳಗ್ಗೆ ಕರೆದುಕೊಂಡು ಹೋಗುತ್ತಾರಾ? ಶಿಲ್ಪಿ ಅಸಾಕುರಾ ಫುಮಿಯೋ ಅವರ ಮನೆ ಈಗ ಮ್ಯೂಸಿಯಂ ಆಗಿದೆ, ಅದೂ ನಿಮ್ಮ ಪಟ್ಟಿಯಲ್ಲಿತ್ತು. ಸೋಮವಾರ ಅದಕ್ಕೆ ರಜೆ. ಬುಕ್ ಮಾಡುವ ಮುಂಚೆ ಒಂದು ಸಲ ನೋಡಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ? ಉಳಿದ ಹೊತ್ತನ್ನೆಲ್ಲ ಒಂದು ಡ್ಯೂಟಿ ಫ್ರೀ ಅಂಗಡಿಯಲ್ಲಿ ಕಳೆದೆವು, ಒಂದೂವರೆ ಗಂಟೆ, ಅದು ಪಟ್ಟಿಯಲ್ಲಿ ಇರಲೇ ಇಲ್ಲ.

ಟೋಕಿಯೋದ ದೊಡ್ಡ ಭಾಗ 1923ರ ಭೂಕಂಪದಲ್ಲಿ, ಆಮೇಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಯಾನಕಾ ಎರಡು ಸಲವೂ ಹೆಚ್ಚು ಪೆಟ್ಟು ತಿನ್ನದೆ ಉಳಿಯಿತು. ಅದಕ್ಕೇ ಅಲ್ಲಿ ಇವತ್ತಿಗೂ ಮರದ ಮನೆಗಳು, ಓಣಿ ಓಣಿಗೊಂದು ಬೌದ್ಧ ದೇವಾಲಯ. ಬಸ್ಸು ಕಾಯುತ್ತಿದೆ ಅಂತ ಓಡುತ್ತಾ ನೋಡುವ ಜಾಗ ಅಲ್ಲ ಅದು.

ಇಷ್ಟು ಖಚಿತವಾಗಿ ಹೇಳುತ್ತಿರುವುದು ಯಾಕೆಂದರೆ, ಮರುದಿನ ಬಿಡುವಿತ್ತು, ನಾವೇ ಇನ್ನೊಂದು ಸಲ ಹೋದೆವು. ಉಯೆನೋದಿಂದ ಯಾಮಾನೋತೆ ಲೈನಿನಲ್ಲಿ ಎರಡನೇ ಸ್ಟೇಷನ್ ನಿಪ್ಪೋರಿ, ಅಲ್ಲಿಂದ ಐದಾರು ನಿಮಿಷದ ನಡಿಗೆ. ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ, ನಾವು ಮೂರೂವರೆಗೇ ಹೋಗಿ ಸೇರಿದ್ದೆವು. ಮೆಟ್ಟಿಲ ಮೇಲಿಂದ ನೋಡಿದರೆ ಇಡೀ ಬೀದಿ ತೆರೆದಿತ್ತು. ಮಾಂಸದ ಅಂಗಡಿ ಮುಂದೆ ಬಿಸಿ ಕಟ್ಲೆಟ್‌ಗೆ ಸಾಲು, ಸೈಕಲ್ ಬುಟ್ಟಿಯಿಂದ ಈರುಳ್ಳಿ ಸೊಪ್ಪು ಇಣುಕುತ್ತಾ ಮನೆಗೆ ಹೊರಟ ಹೆಂಗಸರು. ಅಮ್ಮ ಅಕ್ಕಿಯ ಸೆಂಬೆ ತಗೊಂಡರು, ಸೋಯಾ ಸಾಸ್ ಹಚ್ಚಿ ಸುಟ್ಟಿದ್ದು, ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತಿತ್ತು. ಅಪ್ಪ, ಮೊಣಕಾಲು ನೋವಿನ ಅಪ್ಪ, ಆ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದರು. ನೀವು ತೋರಿಸುತ್ತೇವೆ ಅಂದಿದ್ದು ಇದನ್ನೇ. ನಾವು ನೋಡಿದ್ದು ನಮ್ಮ ಖರ್ಚಿನಲ್ಲಿ.

ಮೂವರ 19,500 ರೂಪಾಯಿ ಪೂರ್ತಿ ವಾಪಸ್ ಬೇಕು. ಮುಂದಿನ ಸಲಕ್ಕೆ ಕೂಪನ್ ಕೊಡುತ್ತೇವೆ ಅಂತ ಹೇಳಬೇಡಿ. ಇನ್ನು ಮುಂದೆ ಹೋಗುವವರನ್ನಾದರೂ ಸೋಮವಾರ ಬಿಟ್ಟು ಮಧ್ಯಾಹ್ನದ ಮೇಲೆ ಕರೆದುಕೊಂಡು ಹೋಗಿ. 34 ಜನರನ್ನು ಒಟ್ಟಿಗೆ ಆ ಓಣಿಗಳಿಗೆ ನುಗ್ಗಿಸಬೇಡಿ, ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ನಮ್ಮ ಗುಂಪಿನಿಂದಾಗಿ, ಸೈಕಲ್ ತಳ್ಳಿಕೊಂಡು ಬಂದ ಒಬ್ಬ ಅಜ್ಜಿ ಸುಮ್ನೆ ನಿಂತು ಕಾಯಬೇಕಾಯಿತು, ನನಗಂತೂ ನಾಚಿಕೆ ಆಯಿತು.

ರಸೀದಿ, ನೀವು ಕೊಟ್ಟ ಪ್ರವಾಸ ಪಟ್ಟಿ, ಆವತ್ತಿನ ಫೋಟೋಗಳನ್ನು ಜೊತೆಗೆ ಕಳಿಸಿದ್ದೇನೆ. 15 ದಿನದೊಳಗೆ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ನವೆಂಬರ್ ಪ್ರವಾಸದ ಗ್ರಾಹಕಿ