ಡೆಸ್ಕ್‌ಟಾಪ್ ಕನ್ನಡದಲ್ಲಿ ಬರಬೇಕಾದರೆ
ಗೆಳೆಯರೇ, ಲಿನಕ್ಸ್‌ನಲ್ಲಿ ಮೆನುಗಳು ಇಂಗ್ಲಿಷ್‌ನಲ್ಲೇ ಉಳಿದರೆ ಸುಮ್ನೆ ಸಾಫ್ಟ್‌ವೇರ್ ಮತ್ತೆ ಹಾಕಬೇಡಿ. ಮೊದಲು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಲೊಕೇಲ್' (locale) ಕಮಾಂಡ್ ಕೊಟ್ಟು ನೋಡಿ. ಲೊಕೇಲ್ ಅಂದರೆ ಭಾಷೆ, ದಿನಾಂಕ, ಅಂಕಿಗಳ ರೂಪ ಹೇಳುವ ಸೆಟ್ಟಿಂಗ್. ಅದಕ್ಕೆ 'ಮೈನಸ್ ಎ' (-a) ಸೇರಿಸಿದರೆ ಸಿಸ್ಟಂನಲ್ಲಿರುವ ಲೊಕೇಲ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡದ್ದು ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿಕೊಳ್ಳಿ.

ಜಾಸ್ತಿ ಗೊಂದಲ ಆಗುವುದು ವೇರಿಯಬಲ್‌ಗಳಲ್ಲಿ, ಅಂದರೆ ಯಾವ ಲೊಕೇಲ್ ಬಳಸಬೇಕು ಅಂತ ಸಿಸ್ಟಂಗೆ ಹೇಳುವ ಹೆಸರುಗಳಲ್ಲಿ. 'ಲ್ಯಾಂಗ್' (LANG) ಎಲ್ಲಕ್ಕೂ ಡೀಫಾಲ್ಟ್. 'ಎಲ್‌ಸಿ ಮೆಸೇಜಸ್' (LC_MESSAGES) ಮೆನು, ಸಂದೇಶಗಳ ಭಾಷೆ ಮಾತ್ರ ಬದಲಿಸುತ್ತದೆ. ದಿನಾಂಕ, ಅಂಕಿಗಳ ರೂಪ ಹಾಗೇ ಇರಲಿ ಅನ್ನುವವರಿಗೆ ಇದೇ ಸರಿ. 'ಎಲ್‌ಸಿ ಆಲ್' (LC_ALL) ಇವೆರಡನ್ನೂ ಮೀರುತ್ತದೆ. ಅದನ್ನು ಪರೀಕ್ಷೆಗಷ್ಟೇ ಬಳಸಿ, ಕಾಯಂ ಇಡಬೇಡಿ. ಗ್ನೂ (GNU) ತಂತ್ರಾಂಶ ಬಳಸುವ ಸಿಸ್ಟಂಗಳಲ್ಲಿ 'ಲ್ಯಾಂಗ್ವೇಜ್' (LANGUAGE) ಅಂತ ಇನ್ನೊಂದಿದೆ: ಕನ್ನಡ ಅನುವಾದ ಸಿಗದಿದ್ದರೆ ಮುಂದೆ ಯಾವ ಭಾಷೆ ಅಂತ ಅದರಲ್ಲಿ ಸಾಲಾಗಿ, ಮಧ್ಯೆ ಕೋಲನ್ ಹಾಕಿ, ಬರೆಯಬಹುದು.

ಬದಲಿಸಿದ ಮೇಲೆ ಲಾಗೌಟ್ ಮಾಡಿ ಮತ್ತೆ ಒಳಗೆ ಬನ್ನಿ.