ಕಾರಣ ಸಾಬೀತುಪಡಿಸುವ ಹೊಣೆ ಮಾಲೀಕರದ್ದಾಗಲಿ

ಸಂಪಾದಕರೇ,

ಗರ್ಭಿಣಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆದಿದ್ದೇವೆ ಎಂದು ಯಾವ ಸಂಸ್ಥೆಯೂ ಬರೆದುಕೊಡುವುದಿಲ್ಲ. ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ದುಡಿದ ನಾನು ಇಂಥ ಪತ್ರಗಳನ್ನು ಕೈಯಾರೆ ಟೈಪ್ ಮಾಡಿದ್ದೇನೆ. ‘ಕಾರ್ಯಕ್ಷಮತೆ ತೃಪ್ತಿಕರವಾಗಿಲ್ಲ’, ‘ಹುದ್ದೆ ರದ್ದಾಗಿದೆ’, ‘ಗುತ್ತಿಗೆ ನವೀಕರಿಸಲಾಗದು’ ಎಂಬ ಮೂರರಲ್ಲಿ ಒಂದು ವಾಕ್ಯವಿದ್ದರೆ ಸಾಕಾಗುತ್ತಿತ್ತು. ಲೆಕ್ಕಪತ್ರ ವಿಭಾಗದ ಒಬ್ಬ ಹೆಣ್ಣುಮಗಳ ಕಡತ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸತತ ಮೂರು ವರ್ಷ ‘ಉತ್ತಮ’ ಎಂಬ ಷರಾ, ಆಮೇಲೆ ವೈದ್ಯರ ಪ್ರಮಾಣಪತ್ರ, ಅದು ಕೈಸೇರಿದ ಹನ್ನೊಂದನೆಯ ದಿನ ಮೊದಲ ಎಚ್ಚರಿಕೆ ಪತ್ರ. ಎರಡು ದಿನ ತಡವಾಗಿ ಬಂದಿದ್ದಾರೆ ಎಂಬುದು ಆಪಾದನೆ. ಆ ಎರಡೂ ದಿನ ತಪಾಸಣೆಗೆಂದು ಆಕೆ ಅನುಮತಿ ಪಡೆದಿದ್ದ ಚೀಟಿಗಳು ಅದೇ ಕಡತದಲ್ಲಿದ್ದವು. ಅದನ್ನು ಕಂಡೂ ನಾನು ವಜಾ ಪತ್ರವನ್ನು ಸಿದ್ಧಪಡಿಸಿ ಸಹಿಗೆ ಇಟ್ಟೆ.

ಆದ್ದರಿಂದ, ಗರ್ಭಧಾರಣೆಯ ಕಾರಣಕ್ಕೆ ವಜಾ ಮಾಡಬಾರದು ಎಂದು ಕಾನೂನು ಹೇಳಿದರಷ್ಟೇ ಸಾಲದು. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಗೆಂದು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ ಒಪ್ಪಂದ ಆ ಮಾತನ್ನು ಆಗಲೇ ಹೇಳಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಪ್ಪಂದದ 8ನೇ ವಿಧಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಜಾಕ್ಕೂ ಗರ್ಭಧಾರಣೆ ಅಥವಾ ಹೆರಿಗೆಗೂ ಸಂಬಂಧವಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಮಾಲೀಕರ ಮೇಲೆಯೇ ಹೊರಿಸುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ, ಏಕೆಂದರೆ ಕಡತ ಇರುವುದು ಮಾಲೀಕರ ಬೀರುವಿನಲ್ಲಿ, ಕೆಲಸ ಕಳೆದುಕೊಂಡವಳ ಕೈಯಲ್ಲಲ್ಲ. ಈ ಹೊಣೆಯನ್ನು ಸ್ಪಷ್ಟವಾಗಿ ಹೇಳದ ಕಾನೂನುಗಳಿಗೆ ತಿದ್ದುಪಡಿಯಾಗಬೇಕು.

ಹೆರಿಗೆ ರಜೆಯ ವೆಚ್ಚವನ್ನು ಸಣ್ಣ ಸಂಸ್ಥೆಗಳು ಹೇಗೆ ಭರಿಸಬೇಕು ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕಾಗಿಯೇ 183ನೇ ಒಪ್ಪಂದ ಹೆರಿಗೆ ಭತ್ಯೆಯನ್ನು ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಕೊಡಬೇಕೆನ್ನುತ್ತದೆ. ಇಡೀ ಭಾರವನ್ನು ಮಾಲೀಕರೊಬ್ಬರೇ ಹೊರಬೇಕಾದ ಕಡೆ, ಸಂದರ್ಶನದ ಹೊತ್ತಿನಲ್ಲೇ ‘ಮದುವೆಯಾಗಿ ಎಷ್ಟು ವರ್ಷವಾಯಿತು?’ ಎಂಬ ಪ್ರಶ್ನೆ ಹುಟ್ಟಿಕೊಳ್ಳುತ್ತದೆ.

ವಜಾ ಮಾಡುವ ಗೋಜಿಗೇ ಹೋಗದೆ, ಪಾಳಿ ಬದಲಿಸಿ, ಜವಾಬ್ದಾರಿ ಕಿತ್ತುಕೊಂಡು, ಕೊನೆಗೆ ‘ನೀವೇ ರಾಜೀನಾಮೆ ಕೊಟ್ಟರೆ ಅನುಭವ ಪತ್ರವಾದರೂ ಚೆನ್ನಾಗಿರುತ್ತದೆ’ ಎನ್ನುವವರೂ ಇದ್ದಾರೆ. ಈ ಸ್ಥಿತಿಯಲ್ಲಿರುವ ಹೆಣ್ಣುಮಕ್ಕಳಲ್ಲಿ ನನ್ನದೊಂದು ವಿನಂತಿ: ಗರ್ಭಿಣಿಯಾದ ವಿಷಯವನ್ನು ಬರಹದಲ್ಲೇ ತಿಳಿಸಿ, ದಿನಾಂಕವಿರುವ ಸ್ವೀಕೃತಿಯನ್ನೂ ಹಿಂದಿನ ಮೌಲ್ಯಮಾಪನಗಳ ಪ್ರತಿಗಳನ್ನೂ ಮನೆಯಲ್ಲಿಟ್ಟುಕೊಳ್ಳಿ, ಯಾರೇ ಅವಸರಪಡಿಸಿದರೂ ರಾಜೀನಾಮೆ ಪತ್ರಕ್ಕೆ ಅಲ್ಲೇ ಕುಳಿತು ಸಹಿ ಹಾಕಬೇಡಿ.

ಇತಿ,
ನಿವೃತ್ತ ಸಿಬ್ಬಂದಿ ಅಧಿಕಾರಿ