ಲಿವರ್ ಇದ್ದರೆ ಸಾಲದು, ಮುಂದಿನ ಗಾಲಿ ತಿರುಗಬೇಕು

ಮಾನ್ಯರೆ,

ಕಬ್ಬಿನ ಬಿಲ್ಲು ಖಾತೆಗೆ ಬಿದ್ದರೆ ಸಾಕು, ಜಮಖಂಡಿಯ ನಮ್ಮ ಗ್ಯಾರೇಜಿಗೆ ಹಳೇ ಜೀಪು, ಜಿಪ್ಸಿಗಳು ಬರತೊಡಗುತ್ತವೆ. ಬಹಳಷ್ಟು ಸಾಂಗಲಿ, ಮಿರಜ, ಕೊಲ್ಹಾಪುರ ಕಡೆಯವು. ‘ಕಾಕಾ, ಫೋರ್ ಬೈ ಫೋರ್ ಐತಿ, ಅಗ್ಗಕ್ಕ ಸಿಕ್ಕೈತಿ’ ಅನ್ನುತ್ತಾರೆ ಹುಡುಗರು. ಅಂದರೆ ಲಿವರ್ ಹಾಕಿದರೆ ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಗಾಡಿ. ರೊಕ್ಕ ಕೊಟ್ಟ ಮೇಲೆ ತೋರಿಸಲು ಬರುತ್ತಾರೆ, ಕೊಡುವ ಮುಂಚೆ ಬರುವವರು ಅಪರೂಪ.

ಡೀಸೆಲ್ ಉಳಿಯಲಿ ಎಂದು ಮುಂದಿನ ಗಾಲಿಗೆ ಬಲ ಒಯ್ಯುವ ಶಾಫ್ಟನ್ನೇ ಬಿಚ್ಚಿಟ್ಟ ಗಾಡಿಗಳನ್ನು ನಾನು ಕಂಡಿದ್ದೇನೆ. ಒಳಗೆ ಲಿವರ್ ಇರುತ್ತದೆ, ಹಾಕಿದರೆ ಬೀಳುತ್ತದೆ ಕೂಡ, ಮುಂದಿನ ಗಾಲಿಗೆ ಮಾತ್ರ ಬಲ ಹೋಗುವುದಿಲ್ಲ. ಫೋರ್ ಬೈ ಫೋರ್ ಹಾಕಿ ಡಾಂಬರು ರಸ್ತೆಯಲ್ಲಿ ಪರೀಕ್ಷಿಸಬೇಡಿ. ತಿರುವಿನಲ್ಲಿ ಶಾಫ್ಟು, ಅದರ ಕೀಲುಗಳಾದ ಕ್ರಾಸುಗಳ ಮೇಲೆ ಒತ್ತಡ ಬೀಳುತ್ತದೆ. ಹಸಿ ಎರೆ ಹೊಲಕ್ಕೆ ಇಳಿಸಿ, ಮುಂದಿನ ಗಾಲಿ ಮಣ್ಣು ಕೆದರುತ್ತದೆಯೇ ಎಂದು ಇನ್ನೊಬ್ಬರನ್ನು ನಿಲ್ಲಿಸಿ ನೋಡಿ. ಮಾರುವವನು ಹೊಲಕ್ಕೆ ಇಳಿಸಲು ಒಲ್ಲೆ ಅಂದರೆ ಅಲ್ಲಿಂದಲೇ ತಿರುಗಿ ಬನ್ನಿ.

ನನಗೆ ಹೆಚ್ಚು ಅಂಜಿಕೆ ನೀರು ಕುಡಿದ ಗಾಡಿಗಳದ್ದು. 2019ರಲ್ಲಿ, ಮತ್ತೆ 2021ರಲ್ಲಿ ಕೃಷ್ಣೆ, ಪಂಚಗಂಗೆ ಉಕ್ಕಿದಾಗ ಮುಳುಗಿದ ವಾಹನಗಳು ತೊಳೆಸಿಕೊಂಡು ಬಣ್ಣ ಬಳಿಸಿಕೊಂಡು ಈಗಲೂ ಕೈ ಬದಲಾಯಿಸುತ್ತಿರಬಹುದು. ಸೀಟ್ ಬೆಲ್ಟ್ ಇದ್ದರೆ ಕೊನೆತನಕ ಎಳೆಯಿರಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಎಡಬಲ ಗಾಲಿಗಳ ನಡುವಿನ ಗೇರು ಡಬ್ಬಿ, ಅಂದರೆ ಡಿಫರೆನ್ಶಿಯಲ್‌ನ ಬೋಲ್ಟ್ ಸಡಿಲಿಸಿ ಆಯಿಲ್ ನೋಡಿ. ಹಾಲು ಹಾಕಿದ ಚಹಾದಂತಿದ್ದರೆ ಒಳಗೆ ನೀರು ಹೊಕ್ಕಿದೆ. ಚಾಸಿಗೆ ಹೊಸ ಕರಿ ಬಣ್ಣ ಹೊಡೆದಿದ್ದರೆ ಪಾನಾದಿಂದ (ಸ್ಪ್ಯಾನರ್) ತಟ್ಟಿ ನೋಡಲು ನಾಚಿಕೊಳ್ಳಬೇಡಿ. ತುಕ್ಕು ತಿಂದ ಕಡೆ ಸದ್ದೇ ಬೇರೆ.

ಕಾಗದಪತ್ರದ ಖರ್ಚನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಮಹಾರಾಷ್ಟ್ರದ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. 12 ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬರು ಹಾಕಿಸಬೇಕು, ನಮ್ಮ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. 15 ವರ್ಷ ದಾಟಿದ, 20 ದಾಟದ ಜೀಪಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಅದೂ ಐದು ವರ್ಷಕ್ಕೊಮ್ಮೆ.

ಹಳೇ ಜೀಪು ಬೇಡವೇ ಬೇಡ ಎನ್ನುವವ ನಾನಲ್ಲ. ಮಳೆಗಾಲದಲ್ಲಿ ತೋಟದ ಮನೆಗೆ ಹೋಗಿ ಬರುವವರಿಗೆ ಅದು ಬೇಕು, ಬಿಡಿಭಾಗವೂ ಸಿಗುತ್ತದೆ. ಪ್ರವಾಹದಲ್ಲಿ ಮುಳುಗಿ ವಿಮೆ ಪರಿಹಾರ ಪಡೆದ ವಾಹನವೆಂದು ಆರ್.ಸಿ.ಯಲ್ಲೇ ನಮೂದಿಸುವ ವ್ಯವಸ್ಥೆಯನ್ನು ಸಾರಿಗೆ ಇಲಾಖೆ ಮಾಡಲಿ. ನದಿದಂಡೆಯ ನಮ್ಮ ಜಿಲ್ಲೆಗಳಿಗಂತೂ ಇದು ತುರ್ತಾಗಿ ಬೇಕಾಗಿದೆ.

– ಒಬ್ಬ ಮೆಕ್ಯಾನಿಕ್, ಜಮಖಂಡಿ, ಬಾಗಲಕೋಟೆ ಜಿಲ್ಲೆ